ಹೊಗೆ ಕುಡಿಯದ ಕಲ್ಲು

ಆಗ ನನಗೆ ಇಪ್ಪತ್ತು. ಅದಾಗಿ ಐವತ್ತೊಂದು ವರ್ಷವಾಯಿತು. ಹೋದ ವಾರ ನಮ್ಮ ಬಚ್ಚಲುಮನೆಯಲ್ಲಿ ಮೇಸ್ತ್ರಿ ಮೆಷಿನ್ ಹಿಡಿದು ಕಲ್ಲಿನ ಬುಡ ಕೊಯ್ಯುತ್ತಿದ್ದಾಗ ಆ ವಾಸನೆ ಬಂತು. ನೀರು ಬಿದ್ದ ಕಲ್ಲುಪುಡಿ, ಅದರ ಜೊತೆಗೆ ಕಾದ ಕಬ್ಬಿಣ. ನನ್ನ ಎಡಗಣ್ಣು ಹೋಗಿ ಇಷ್ಟು ಕಾಲವಾದರೂ ಆ ವಾಸನೆ ಬಡಿದರೆ ಅದರಲ್ಲಿ ಈಗಲೂ ನೀರು ಬರುತ್ತದೆ. ಅಳು ಅಲ್ಲ. ನೀರು, ಅಷ್ಟೇ.

ನಮ್ಮ ನೀರೊಲೆಯ ಬಾಯಿ ಮಣ್ಣಿನದು. ವರ್ಷ ವರ್ಷ ಬಿರಿಯುವುದು, ವರ್ಷ ವರ್ಷ ನಾನು ಕೂತು ಮೆತ್ತುವುದು. ಈಗ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ನನ್ನ ಜೊತೆಗಿರುವ ಮೊಮ್ಮಗಳು ನರಸಾಪುರದ ಫ್ಯಾಕ್ಟರಿಗೆ ಹೋಗುತ್ತಾಳೆ. ಬೆಳಗಿನ ಶಿಫ್ಟ್ ಇದ್ದರೆ ಕಂಪನಿ ಬಸ್ಸು ಬೇಗ ಬರುತ್ತದೆ, ಅಷ್ಟರೊಳಗೆ ಅವಳಿಗೆ ಬಿಸಿನೀರು ಕಾದಿರಬೇಕು. ಒಲೆಯ ಬಾಯಿಗೆ ಕಲ್ಲಿನ ಚೌಕಟ್ಟು ಕೂರಿಸೋಣ ಎಂದವಳು ಅವಳೇ. ಎರಡು ನಿಲುಗಲ್ಲು, ಅವುಗಳ ಮೇಲೊಂದು ಅಡ್ಡಗಲ್ಲು, ಒಟ್ಟು ಮೂರು. ಶಿವಾರಪಟ್ಟಣದಲ್ಲಿ ಮನೆ ಇಟ್ಟುಕೊಂಡವರಿಗೆ ಕಲ್ಲಿಗೇನು ಬರ, ಬಾಗಿಲು ತೆಗೆದರೆ ಕಲ್ಲು. ಆದರೂ ಹೊಸ ಕಲ್ಲು ತರುವುದಕ್ಕೆ ನಾನು ಬಿಡಲಿಲ್ಲ.

"ನಂಗೆ ಬೇಕಾದ ಕಲ್ಲು ಯಾರ ಮನೇಲೈತೆ ಅಂತ ನಂಗೊತ್ತು. ಸುಮ್ನಿರು" ಅಂದೆ.

ಅದು ನನ್ನ ವಾರಗಿತ್ತಿಯ ಮನೆಯಲ್ಲಿತ್ತು. ನನ್ನ ಗಂಡನ ಅಣ್ಣನ ಹೆಂಡತಿ. ಸತ್ತು ಐದು ವರ್ಷವಾಯಿತು. ಎದುರಿಗೆ ನಾನು ಅವಳನ್ನು ಅಕ್ಕ ಎಂದೇ ಕರೆದವಳು, ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ನಾಲ್ಕು ಜನ ಓದಿ, ಹೀಗೊಬ್ಬಳಿದ್ದಳು ಎಂದು ನೆನೆಯುತ್ತಾರೆ. ಅವಳಿಗೆ ಅಷ್ಟು ಬೇಡ.

ನನ್ನ ತವರು ಮುಳಬಾಗಿಲು ಕಡೆ, ತಾಯಲೂರಿನ ಹತ್ತಿರ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ನಮ್ಮ ಹಿರಿಯರೂ ಒಂದು ಕಾಲಕ್ಕೆ ಉಳಿ ಹಿಡಿದವರೇ, ಆದರೆ ತಾತನ ಕಾಲಕ್ಕೇ ಅದನ್ನು ಬಿಟ್ಟು ಕೆರೆ ಕೆಳಗಿನ ಹೊಲ ಹಿಡಿದಿದ್ದರು. ಕಲ್ಲು ಎಂದರೆ ನನಗೆ ಗೊತ್ತಿದ್ದದ್ದು ರಾಗಿಕಲ್ಲು, ಒರಳುಕಲ್ಲು, ನಾಯಿಗೆ ಎಸೆಯುವ ಕಲ್ಲು. ಮದುವೆಯಾಗಿ ಇಲ್ಲಿಗೆ ಬಂದರೆ ಅಂಗಳದ ತುಂಬ ಅರ್ಧ ಆದ ದೇವರುಗಳು. ಕೈ ಬಂದಿದ್ದರೆ ಕಾಲಿಲ್ಲ, ಕಾಲು ಬಂದಿದ್ದರೆ ಮುಖವಿಲ್ಲ. ಭಾವ ಮತ್ತು ನನ್ನ ಗಂಡ ಬೆಳಗಿಂದ ಚಪ್ಪರದ ಕೆಳಗೆ ಕೂತು ಕುಟ್ಟುವವರು. ಮೂಲೆಯಲ್ಲಿ ಉಳಿ ಕಾಯಿಸುವ ಕುಲುಮೆ, ಅದರ ಪಕ್ಕದಲ್ಲಿ ಕಾದ ಉಳಿ ಅದ್ದುವ ಕಲ್ಲುಬಾನಿ. ಬಾನಿಯ ಬುಡ ಯಾವಾಗಲೂ ಹಸಿ. ಆ ಬಾನಿ ನೆನಪಿಟ್ಟುಕೊಳ್ಳಿ.

ಬಂದ ಮೂರನೇ ದಿನ ನಾನು ಒಂದು ಕಲ್ಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ಅಕ್ಕ ಒಳಗಿನಿಂದ ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಮ್ಮಾ, ಗಣಪ್ಪನ ಹೊಟ್ಟೆ ಮೆತ್ತಗೈತಾ?"

ನೋಡಿದರೆ ಬೋರಲು ಮಲಗಿಸಿದ್ದ ಗಣಪತಿ. ನಾನು ಎದ್ದು, ಗಾಬರಿಯಲ್ಲಿ ಬಾಯಿಗೆ ಬಂದ ತೆಲುಗಿನಲ್ಲಿ "ತೆಲೀದಕ್ಕಾ" ಅಂದೆ, ಗೊತ್ತಿರಲಿಲ್ಲ ಎಂದು. ಅವಳು ಚಪ್ಪರದ ಕಡೆ ತಿರುಗಿ, "ಕೇಳಿದ್ರಾ, ತೆಲೀದಂತೆ. ಇವಳ ಊರಲ್ಲಿ ಕಲ್ಲು ಇರೋದು ರಾಗಿ ಬೀಸೋಕೆ ಮಾತ್ರ" ಅಂದಳು. ಭಾವ ನಕ್ಕರು. ನನ್ನ ಗಂಡನೂ ನಕ್ಕ. ಅಂದಿನಿಂದ ಅವಳು ನನ್ನನ್ನು ತೆಲೀದು ಎಂದೇ ಕೂಗುತ್ತಿದ್ದಳು. "ಏ ತೆಲೀದು, ನೀರು ತಾ." "ಏ ತೆಲೀದು, ಕಸ ಗುಡಿಸು."

ಅದನ್ನೆಲ್ಲ ನಾನು ತಡೆದುಕೊಂಡೆ. ತಡೆಯಲಾಗದೆ ಇದ್ದದ್ದು ಊಟದ ಹೊತ್ತು. ನನ್ನ ಗಂಡನಿಗೆ ಏಳು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದರು. ಆಗ ಹೊಸ ಸೊಸೆಯಾಗಿ ಬಂದಿದ್ದ ಅಕ್ಕನೇ ಅವನ ಮೂಗು ಒರೆಸಿ, ಜುಟ್ಟು ಬಾಚಿ ಸಾಕಿದವಳು. ಅದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಮೀಸೆ ಬಂದು ಮದುವೆಯಾದ ಮೇಲೂ ಅವನ ತಟ್ಟೆಗೆ ಮುದ್ದೆ ಇಡುವ ಕೈ ಅವಳದೇ ಆಗಿರಬೇಕಿತ್ತು. ನಾನು ಕಟ್ಟಿದ ಮುದ್ದೆ ಕೂಲಿಯವರ ಪಂಕ್ತಿಗೆ ಹೋಗುತ್ತಿತ್ತು. ಒಂದು ದಿನ ನಾನೇ ಇಡಲು ಹೋದೆ. ಅವಳು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ಅವನಿಗೆ ಎಷ್ಟು ದಪ್ಪ ಮುದ್ದೆ ಬೇಕು ಅಂತ ನಿಂಗೇನೇ ಗೊತ್ತು?"

"ನಂಗೆ ಗೊತ್ತಾಗ್ಬೇಕು ಅಂದ್ರೆ ನನ್ನ ಒಲೆ ನಂಗೆ ಬೇಕು" ಅಂದೆ.

ಎಲ್ಲರ ಕೈಯಲ್ಲಿದ್ದ ತುತ್ತು ನಿಂತಿತು. ನಮ್ಮ ಕಡೆ ಮನೆ ಪಾಲಾಯಿತು ಎಂದು ಹೇಳುವುದಕ್ಕಿಂತ ಒಲೆ ಬೇರೆಯಾಯಿತು ಎಂದೇ ಹೇಳುತ್ತಾರೆ. ಮದುವೆಯಾಗಿ ವರ್ಷ ತುಂಬುವ ಮುಂಚೆ ಒಲೆ ಕೇಳಿದ ಸೊಸೆ ಆ ಬೀದಿಯಲ್ಲಿ ನಾನೇ ಮೊದಲು. ನನ್ನ ಗಂಡ ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದ, ನಾನೂ ಬಿಡಲಿಲ್ಲ. ಕೊನೆಗೆ ಭಾವನೇ, "ಕೊಟ್ಟುಬಿಡಿ ಅತ್ಲಾಗೆ, ಈ ಗಲಾಟೇಲಿ ಉಳಿ ಎಲ್ಲೆಲ್ಲೋ ಬೀಳ್ತಾ ಐತೆ" ಅಂದರು. ಅಂಗಳದ ಆ ಕಡೆ ಇದ್ದ ಒಂದು ಕೋಣೆ ನಮಗಾಯಿತು.

ಒಲೆ ಬೇರೆ ಮಾಡುವಾಗ ನಮ್ಮ ಮನೆಗಳಲ್ಲಿ ಒಂದು ಪದ್ಧತಿ. ಹಿರಿಯಳು ಕಿರಿಯಳಿಗೆ ತನ್ನ ಕೈಯಾರೆ ಮೂರು ಕಲ್ಲು ಕೊಡಬೇಕು, ತನ್ನ ಒಲೆಯಿಂದ ಒಂದಿಷ್ಟು ಕೆಂಡ ಕೊಡಬೇಕು. ಜಗಳವಾಡಿ ಹೋಗುವವಳಿಗೂ ಅದು ತಪ್ಪುವುದಿಲ್ಲ. ಬೆಳಿಗ್ಗೆ ಅಕ್ಕ ಎರಡು ಕಲ್ಲನ್ನು ಚಪ್ಪರದ ರಾಶಿಯಿಂದ ತಂದಿಟ್ಟಳು. ಮೂರನೆಯದಕ್ಕೆ ಕುಲುಮೆಯ ಕಡೆ ಹೋದಳು. ಬಾನಿಯ ಬುಡದಲ್ಲಿ ವರ್ಷಾನುಗಟ್ಟಲೆ ಊರಿದ್ದ ಒಂದು ಕಲ್ಲನ್ನು ಅಲ್ಲಾಡಿಸಿ ಕಿತ್ತಳು. ಸೊಂಟದ ಮೇಲೆ ಮಗುವನ್ನು ಹೊತ್ತಹಾಗೆ ಹೊತ್ತು ತಂದಳು. ಕೊಡುವ ಮುಂಚೆ ನಿಂತು ಅದನ್ನು ಸೆರಗಿನಿಂದ ಒರೆಸಿದಳು. ಮೇಲೆ, ಕೆಳಗೆ, ಪಕ್ಕದಲ್ಲಿ, ಚೆನ್ನಾಗಿ.

"ತಗೋ. ಒಳ್ಳೇದಾಗ್ಲಿ" ಅಂದಳು.

ಒರೆಸಿ ಕೊಟ್ಟಳಲ್ಲ, ಎಷ್ಟಾದರೂ ದೊಡ್ಡವಳು ಎಂದುಕೊಂಡು ನಾನು ಅವಳ ಕಾಲಿಗೆ ಬಿದ್ದೆ. ಆ ಬಿದ್ದದ್ದು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಕಲ್ಲು ಹೂಡಿದೆ. ಕೆಂಡ ಹಾಕಿ ಸೌದೆ ಇಟ್ಟೆ. ಮೇಲೆ ಅನ್ನದ ಮಡಕೆ. ನನ್ನ ಗಂಡ ಬಾಗಿಲಲ್ಲಿ ಕೂತು ನೋಡುತ್ತಿದ್ದ, ಮುಖದಲ್ಲಿ ಸ್ವಲ್ಪ ನಗು ಬಂದಿತ್ತು. ಅನ್ನ ಕುದಿ ಬಂತು. ಉರಿ ಸಣ್ಣಗಾಯಿತೆಂದು ನಾನು ಊದುಗೊಳವೆ ಹಿಡಿದು ಬಗ್ಗಿದೆ. ದೊಡ್ಡ ಸದ್ದೇನೂ ಆಗಲಿಲ್ಲ… ಗಟ್ಟಿ ಕಡಲೆ ಕಚ್ಚಿದಾಗ ಹಲ್ಲು ಮುರಿಯುತ್ತದಲ್ಲ, ಅಷ್ಟೇ ಸದ್ದು. ಮಡಕೆ ಒಡೆದು ಅನ್ನ ಬೆಂಕಿಯ ಮೇಲೆ ಬಿದ್ದದ್ದು ನೋಡಿದೆ. ಅದು ನನ್ನ ಎರಡು ಕಣ್ಣೂ ಸೇರಿ ನೋಡಿದ ಕೊನೆಯ ನೋಟ. ಆಮೇಲೆ ಮುಖದ ಎಡಗಡೆ ಬಿಸಿ. ಕೋಲಾರದ ಆಸ್ಪತ್ರೆಯವರೆಗೂ ಬಸ್ಸಿನಲ್ಲಿ ಒದ್ದೆ ಟವೆಲು ಒತ್ತಿಕೊಂಡು ಹೋದೆ. ಡಾಕ್ಟರು ನೋಡಿ, ಕಲ್ಲಿನ ಚೂರು ಒಳಗೆ ಹೋಗಿದೆ, ಉಳಿಸುವುದಕ್ಕೆ ಏನೂ ಇಲ್ಲ ಎಂದರು.

ಗ್ರಹಚಾರ ಎಂದರು ಎಲ್ಲರೂ. ನಾನೂ ಹಾಗೆಯೇ ಅಂದುಕೊಂಡೆ. ಮೂರು ತಿಂಗಳ ಮೇಲೆ ಒಂದು ದಿನ ಚಪ್ಪರದಲ್ಲಿ ಹೊಸ ಕೂಲಿಯವನೊಬ್ಬ ಟೀ ಕಾಯಿಸಲು ಕಲ್ಲು ಹೂಡುತ್ತಿದ್ದ. ಬಾನಿಯ ಹತ್ತಿರದ ಕಲ್ಲಿಗೆ ಕೈ ಹಾಕಿದ. ಭಾವ ಕೂತಲ್ಲಿಂದಲೇ ಗದರಿದರು.

"ಏಯ್, ಅದು ನೀರು ಕುಡಿದ ಕಲ್ಲು ಕಣಯ್ಯಾ. ಬೆಂಕಿಗಿಟ್ರೆ ಸಿಡೀತದೆ. ಮನೇಲಿ ಹೆಂಗಸರಿಗೂ ಗೊತ್ತಿರೋ ಮಾತು, ನಿಂಗೊತ್ತಿಲ್ವಾ?"

ಹೇಳಿದ ಮೇಲೆ ಅವರಿಗೇ ಏನೋ ಹೊಳೆದಿರಬೇಕು. ನನ್ನ ಕಡೆ ತಿರುಗಿ ನೋಡಿದರು. ಬೇಗನೆ ತಲೆ ಬಗ್ಗಿಸಿ ಕುಟ್ಟತೊಡಗಿದರು.

ಮನೆಯ ಹೆಂಗಸರಿಗೂ ಗೊತ್ತಿರುವ ಮಾತು. ಆ ಮನೆಯಲ್ಲಿ ಇದ್ದದ್ದು ಇಬ್ಬರೇ ಹೆಂಗಸರು. ನನಗೆ ಗೊತ್ತಿರಲಿಲ್ಲ.

ನಾನು ನೆಟ್ಟಗೆ ಅಕ್ಕನ ಅಡುಗೆಮನೆಗೆ ಹೋದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಅಕ್ಕಾ, ಬಾನಿ ಕೆಳಗಿನ ಕಲ್ಲು ಗೊತ್ತಿದ್ದೇ ಕೊಟ್ಯಾ?"

ಅವಳು ಸೌಟು ಆಡಿಸುತ್ತಲೇ ಇದ್ದಳು. ತಿರುಗಲಿಲ್ಲ.

"ಮೂರು ಕೊಟ್ಟೆ. ಎರಡು ನೆಟ್ಟಗೇ ಇದ್ವಲ್ಲ" ಅಂದಳು.

ಇಷ್ಟೇ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನನ್ನ ಗಂಡನಿಗೆ ಹೇಳಿದರೆ, "ಅತ್ತಿಗೆ ನನ್ನ ತಾಯಿ ಇದ್ದಂಗೆ. ಇನ್ನೊಂದ್ಸಲ ಆ ಮಾತು ಬಂದ್ರೆ ನೋಡು" ಅಂದ. ಸಾಯುವವರೆಗೂ ಅವನದು ಅದೇ ಮಾತು. ಅವನ ಜೊತೆ ಮೂವತ್ತು ವರ್ಷ ಬಾಳಿದೆ, ಇಬ್ಬರು ಮಕ್ಕಳನ್ನು ಹೆತ್ತೆ. ಆ ಒಂದು ಮಾತಿಗೆ ಅವನನ್ನು ಕ್ಷಮಿಸಿಲ್ಲ.

ಕಣ್ಣು ಹೋಯಿತು ಎಂದು ನಾನು ಕೊರಗಿ ಕೂರಲಿಲ್ಲ. ಕೆಲಸ ಇತ್ತು. ಒಂದೇ ಕಣ್ಣಾದರೆ ದೂರ ಹತ್ತಿರ ತಿಳಿಯುವುದಿಲ್ಲ. ಲೋಟಕ್ಕೆ ನೀರು ಬಗ್ಗಿಸಿದರೆ ನೆಲಕ್ಕೆ ಬೀಳುತ್ತಿತ್ತು. ಸೂಜಿಗೆ ದಾರ ಎಂದರೆ ಅರ್ಧ ದಿನ. ಬೀದಿಯಲ್ಲಿ ಒಕ್ಕಣ್ಣಿ ಎಂಬ ಹೆಸರು ನಿಂತಿತು. ಆ ಅಂಗಳದಲ್ಲಿ ವಿಗ್ರಹದ ಕೆಲಸ ಮುಗಿಸಿ ಕೊನೆಗೆ ಕಣ್ಣು ಬಿಡಿಸುತ್ತಾರೆ, ಅಲ್ಲಿಯವರೆಗೆ ಅದು ಬರೀ ಕಲ್ಲು. ವರ್ಷಕ್ಕೆ ಎಷ್ಟೋ ಜೊತೆ ಕಣ್ಣು ಬಿಡುತ್ತಿದ್ದವು. ಕಣ್ಣು ಬಿಡಿಸುವ ದಿನ ಅಕ್ಕ ಮಡಿಯುಟ್ಟು ಆರತಿ ಎತ್ತುವಳು. ನಾನು ಹಿಂದೆ ನಿಂತು ಅವಳ ಬೆನ್ನು ನೋಡುತ್ತಿದ್ದೆ.

ದೇವರ ಮುಂದೆ ನಾನು ಕೇಳಿಕೊಂಡದ್ದು ಒಂದೇ. ಇವಳು ಸಾಯಲಿ ಎಂದು ಕೇಳಲಿಲ್ಲ. ಗೊತ್ತಿದ್ದೇ ಕೊಟ್ಟೆ ಎಂದು ಇವಳು ಒಪ್ಪಲಿ ಎಂದು ಕೇಳಿದೆ. ಗೊತ್ತಿಲ್ಲದೆ ಕೊಟ್ಟಿದ್ದರೆ ನನ್ನ ಸಿಟ್ಟೆಲ್ಲ ದಂಡ. ಗೊತ್ತಿದ್ದು ಕೊಟ್ಟಿದ್ದರೆ ಅದಕ್ಕೆ ತಕ್ಕದ್ದು ಮಾಡಬೇಕು. ಎರಡರ ನಡುವೆ ನೇತಾಡುವುದು ಇದೆಯಲ್ಲ, ಅದು ಕಣ್ಣು ಹೋದದ್ದಕ್ಕಿಂತ ಕಷ್ಟ.

ಕಣ್ಣು ಕೈಕೊಟ್ಟ ಮೇಲೆ ನಾನು ಕಲ್ಲನ್ನು ಕಿವಿಯಿಂದ ಕಲಿತೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ಕಲ್ಲು ಟಣ್ ಎನ್ನುತ್ತದೆ, ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಒಳಗೆ ಬಿರುಕಿದ್ದರೆ ದಬ್ ಎಂದು ಅಲ್ಲೇ ಸಾಯುತ್ತದೆ. ನೀರು ಕುಡಿದದ್ದರ ಸದ್ದೇ ಬೇರೆ, ನೆನೆದ ಹಲಗೆಯ ಹಾಗೆ. ಭಾವ ತಟ್ಟುವಾಗ ಪಕ್ಕದಲ್ಲಿ ಕೂತು ಕೇಳಿ ಕೇಳಿ, ಹತ್ತು ವರ್ಷಕ್ಕೆ ಅವರಿಗೆ ಗೊತ್ತಾಗದ್ದು ನನಗೆ ಗೊತ್ತಾಗುತ್ತಿತ್ತು. ಮಾಲೂರು ಕಡೆಯಿಂದ ದೊಡ್ಡ ಕಲ್ಲು ಬಂದು ಇಳಿದರೆ, "ಒಕ್ಕಣ್ಣಿಯವರನ್ನ ಕರೀರಿ" ಎನ್ನುವಷ್ಟಾಯಿತು. ಒಕ್ಕಣ್ಣಿಯ ಹಿಂದೆ ಒಂದು ಅವರು ಸೇರಿತು. ಅದೊಂದು ಲಾಭ.

ಮಕ್ಕಳು ದೊಡ್ಡವರಾದ ಮೇಲೆ ನಾವು ಕೆರೆಯ ಕಡೆ ಬೇರೆ ಮನೆ ಮಾಡಿದೆವು. ಭಾವ ಹೋದರು, ನನ್ನ ಗಂಡನೂ ಹೋದ. ಅಕ್ಕನ ಕಿವಿ ಹೋಯಿತು. ಮೊದಲು ಉಳಿಯ ಸದ್ದು, ಆಮೇಲೆ ಕಲ್ಲು ಕೊಯ್ಯುವ ಮೆಷಿನ್ನು, ಎಲ್ಲವೂ ಸೇರಿ ಅವಳ ಕಿವಿಯನ್ನು ತಿಂದವು. ಹದಿನಾರು ವರ್ಷದ ಹಿಂದೆ ಅವಳ ಮಗ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದ. ಅಡುಗೆಗೆ ಗ್ಯಾಸು. ಆದರೆ ಬಚ್ಚಲಿಗೆ ನೀರೊಲೆ ಇರಲೇಬೇಕು, ಅದಕ್ಕೆ ಕಲ್ಲಿನ ಚೌಕಟ್ಟೇ ಆಗಬೇಕು ಎಂದು ಅಕ್ಕ ಹಟ ಹಿಡಿದಳು. ಕಲ್ಲಿನವರ ಹೆಂಡತಿ ಎಂಬ ಜಂಬ. ಒಂದು ದಿನ ನನಗೆ ಹೇಳಿ ಕಳಿಸಿದಳು. ಹೋದೆ. ಅಂಗಳದಲ್ಲಿ ಏಳೆಂಟು ಕಲ್ಲು ಸಾಲಾಗಿ ಇಟ್ಟಿದ್ದರು.

ಕಿವುಡರ ಗಂಟಲು ದೊಡ್ಡದು. ಬೀದಿಗೆಲ್ಲ ಕೇಳುವ ಹಾಗೆ, "ಬಾರೇ ತೆಲೀದು. ನನ್ನ ಕಿವಿ ಸತ್ತೋಗೈತೆ. ನೀನೇ ತಟ್ಟಿ ಮೂರು ಆರಿಸಿ ಕೊಡು" ಅಂದಳು.

ಮೂರು ಆರಿಸಿ ಕೊಡು. ಊರಲ್ಲಿ ಅಷ್ಟು ಜನ ಇರುವಾಗ ಯಾಕೆ ನನ್ನನ್ನೇ ಕರೆದಳು… ಅದು ನನಗೆ ಇವತ್ತಿಗೂ ತಿಳಿದಿಲ್ಲ. ಮರೆತಿದ್ದಳೋ, ನನ್ನನ್ನು ಪರೀಕ್ಷೆ ಮಾಡಿದಳೋ.

ಒಂದೊಂದನ್ನೂ ತಟ್ಟಿದೆ. ಎರಡು ಕಲ್ಲು ಕೆಟ್ಟವು, ಅದರಲ್ಲಿ ಒಂದಂತೂ ಪೂರ್ತಿ ನೀರು ಕುಡಿದದ್ದು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಕಿವಿ ಇಲ್ಲದವಳಿಗೆ ಟಣ್ಣೂ ಒಂದೇ, ದಬ್ಬೂ ಒಂದೇ. ಆ ಕೆಟ್ಟ ಕಲ್ಲಿನ ಮೇಲೆ ನನ್ನ ಕೈ ತುಂಬ ಹೊತ್ತು ಇತ್ತು. ಆದರೆ ಬಚ್ಚಲಲ್ಲಿ ಬೆಂಕಿ ಹಚ್ಚುವವಳು ಅವಳೊಬ್ಬಳೇ ಅಲ್ಲ, ಸೊಸೆಯೂ ಹಚ್ಚುತ್ತಾಳೆ. ಸೊಸೆಯ ಕಣ್ಣು ನನಗೆ ಬೇಕಿರಲಿಲ್ಲ. ಇನ್ನೂ ಒಂದು ಯೋಚನೆ ಬಂತು. ಕೆಟ್ಟ ಕಲ್ಲು ಕೊಟ್ಟರೆ ಒಂದು ದಿನ ಸಿಡಿಯುತ್ತದೆ, ಅಲ್ಲಿಗೆ ಮುಗಿಯಿತು. ನನಗೆ ಅಷ್ಟು ಬೇಗ ಮುಗಿಯುವುದು ಬೇಡವಾಗಿತ್ತು.

ಆ ರಾಶಿಯಲ್ಲೇ ಒಳ್ಳೆಯ ಮೂರು ಕಲ್ಲು ಆರಿಸಿ ಕೊಟ್ಟೆ. ತಟ್ಟಿದರೆ ಗಂಟೆ.

ಗೃಹಪ್ರವೇಶದ ದಿನ ಚೌಕಟ್ಟು ಕೂತಿತ್ತು, ಸಿಮೆಂಟು ಒಣಗಿತ್ತು. ಜನವೆಲ್ಲ ಊಟದ ಎಲೆಯ ಮುಂದೆ ಇದ್ದಾಗ ನಾನು ಅಕ್ಕನ ಕೈ ಹಿಡಿದು ಬಚ್ಚಲುಮನೆಗೆ ಕರೆದುಕೊಂಡು ಹೋದೆ. ಅಡ್ಡಗಲ್ಲನ್ನು ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟಿದೆ. ಅವಳು ನೋಡಿದಳು. ಆಮೇಲೆ ಅದೇ ಬೆರಳನ್ನು ನನ್ನ ಎಡಗಣ್ಣಿನ ರೆಪ್ಪೆಯ ಮೇಲೆ ಇಟ್ಟುಕೊಂಡೆ. ಮತ್ತೆ ಕಲ್ಲನ್ನು ತೋರಿಸಿದೆ. ಮತ್ತೆ ಕಣ್ಣು. ಆಮೇಲೆ ನನ್ನ ಸೆರಗು ತೆಗೆದು ಆ ಕಲ್ಲನ್ನು ಒರೆಸಿದೆ. ಮೇಲೆ, ಕೆಳಗೆ, ಪಕ್ಕದಲ್ಲಿ, ಚೆನ್ನಾಗಿ.

ಬಾಯಿ ಬಿಟ್ಟು ಒಂದು ಮಾತೂ ಹೇಳಲಿಲ್ಲ. ನಿನಗೂ ಅಂಥದೇ ಕಲ್ಲು ಕೊಟ್ಟಿದ್ದೇನೆ ಎಂದು ಅದರ ಅರ್ಥ. ಸುಳ್ಳು. ಆದರೆ ಸುಳ್ಳು ಎಂದು ತಟ್ಟಿ ತಿಳಿಯುವ ಕಿವಿ ಅವಳಿಗೆ ಇರಲಿಲ್ಲ.

ಅವಳ ಮುಖದಲ್ಲಿ ಏನೂ ಆಗಲಿಲ್ಲ. "ಊಟಕ್ಕೆ ನಡಿ, ಪಾಯಸ ಆರೋಯ್ತದೆ" ಎಂದು ಕೂಗಿದಳು. ಬಾಳೆಹಣ್ಣು ಕೊಟ್ಟು, ಒಂದು ಸೀರೆ ಕೊಟ್ಟು ಕಳಿಸಿದಳು.

ನಾನು ಕಾದೆ. ಕಲ್ಲು ಕೀಳಿಸುತ್ತಾಳೆ, ಬೀದಿಯಲ್ಲಿ ನಿಂತು ಒಕ್ಕಣ್ಣಿ ಮೋಸ ಮಾಡಿದಳು ಎಂದು ಬೈಯುತ್ತಾಳೆ ಎಂದು ಕಾದೆ. ಏನೂ ಇಲ್ಲ. ಬೆಳಿಗ್ಗೆ ನಮ್ಮ ಜಗಲಿಯಲ್ಲಿ ನಿಂತರೆ ಅವಳ ಮನೆಯ ಹಿಂದುಗಡೆ ಹೊಗೆ ಏಳುವುದು ಕಾಣುತ್ತಿತ್ತು. ಹೊಗೆ ಕಂಡಾಗೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಸನ್ನೆ ಅವಳಿಗೆ ಅರ್ಥವಾಗಿಲ್ಲ, ನಾನು ಆರಿಸಿ ಕೊಟ್ಟ ಒಳ್ಳೆಯ ಕಲ್ಲಿನ ಒಲೆಯಲ್ಲಿ ನೀರು ಕಾಯಿಸಿ ಸುಖವಾಗಿ ಮೀಯುತ್ತಿದ್ದಾಳೆ ಎಂದುಕೊಂಡೆ. ನನ್ನಂಥ ಪೆದ್ದಿ ಇಲ್ಲ ಎಂದು ನನ್ನನ್ನೇ ಬೈದುಕೊಂಡೆ. ಹನ್ನೊಂದು ವರ್ಷ ಆ ಹೊಗೆ ನೋಡಿದೆ.

ಐದು ವರ್ಷದ ಹಿಂದೆ ಸತ್ತಳು. ನಾನು ಹೋಗಲಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು, ನಮ್ಮಲ್ಲಿ ಸತ್ತವರನ್ನು ಹಾಗೆ ಬಿಟ್ಟುಕೊಡುವುದು. ನಾನು ಹಾಕಿಕೊಳ್ಳಲಿಲ್ಲ. ಮಗಳು ಬೈದಳು, ನೆಂಟರು ಬಾಯಿಗೆ ಬಂದದ್ದು ಅಂದರು. ಬಾಯಿಬಿಟ್ಟು ಒಪ್ಪದೆ ಹೋದವಳನ್ನು ಹಾಗೆ ಬಿಟ್ಟುಕೊಡುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಈಗ ಅವಳ ಮಗ ಬಚ್ಚಲಿಗೆ ಟೈಲ್ಸ್ ಹಾಕಿಸಿ ಒಲೆ ಕೀಳಿಸುತ್ತಿದ್ದಾನೆ ಎಂದು ಗೊತ್ತಾಯಿತು. ಆ ಚೌಕಟ್ಟು ನನಗೆ ಬೇಕು ಎಂದು ಹೇಳಿ ಕಳಿಸಿದೆ. ಅವಳು ನನಗೆ ಮೂರು ಕಲ್ಲು ಕೊಡಬೇಕಿತ್ತು, ನೆಟ್ಟಗಿರುವ ಮೂರು ಕಲ್ಲು. ಸತ್ತ ಮೇಲಾದರೂ ಕೊಡಲಿ ಎಂದು. ಆಟೋದಲ್ಲಿ ಬಂದವು. ಇಳಿ ಬಿಸಿಲಲ್ಲಿ ಗೋಡೆಗೆ ಒರಗಿಸಿ ಹೋದರು. ಮಾರನೆಯ ದಿನ ಮೇಸ್ತ್ರಿ ಬಂದ. ಮಾಲೂರಿನ ಸಾಬರ ಹುಡುಗ ಎಂದು ನಾನು ಅನ್ನುವುದು, ಅವನಿಗೇ ಐವತ್ತು ದಾಟಿದೆ. ಬುಡ ಕೊಯ್ದು, ಒಂದು ನಿಲುಗಲ್ಲನ್ನು ಮಗುಚಿ ನೋಡಿದವನು ಬೀಡಿ ಕೈಗೆ ತೆಗೆದುಕೊಂಡ.

"ಅಮ್ಮಾ, ಹಳೇ ಒಲೆ ಕಲ್ಲು ಅಂದ್ರಲ್ಲ. ಇದು ಬಿಲ್‌ಕುಲ್ ಹೊಸದು."

"ಹದಿನಾರು ವರ್ಷದ್ದು ಕಣಪ್ಪಾ."

"ವರ್ಷ ಆಗಿರ್ಬೋದು. ಹೊಗೇನೇ ಕುಡಿದಿಲ್ಲ ಇದು. ಇಲ್ಲಿ ನೋಡಿ, ಉಳಿ ಗೆರೆ ಹಂಗೇ ಬೆಳ್ಳಗೈತೆ."

ನಾನು ಹತ್ತಿರ ಹೋಗಿ ನೋಡಿದೆ. ಕಣ್ಣು ನಂಬದೆ ಕೈಯಿಂದ ಸವರಿದೆ. ಬೆಂಕಿಯ ಕಡೆ ಇರಬೇಕಾದ ಮೈ, ಕೊಯ್ದ ದಿನ ಇದ್ದಷ್ಟೇ ಬೆಳ್ಳಗಿತ್ತು. ಅಡ್ಡಗಲ್ಲಿನ ಕೆಳಗೂ ಅಷ್ಟೇ. ನನ್ನ ಕೈಗೆ ಒಂದು ಚುಕ್ಕೆ ಮಸಿ ಹತ್ತಲಿಲ್ಲ.

ಹಾಗಾದರೆ ಆ ಹೊಗೆ?

ಕೋಲು ಹಿಡಿದು ನೆಟ್ಟಗೆ ಅಕ್ಕನ ಮನೆಗೆ ಹೋದೆ. ಅವಳ ಸೊಸೆ ಜಗಲಿಯಲ್ಲಿ ಹುರುಳಿಕಾಳು ಕೇರುತ್ತಿದ್ದಳು. ಎದ್ದು ನಿಂತಳು, ಗೃಹಪ್ರವೇಶ ಆದ ಮೇಲೆ ನಾನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಆ ಒಲೆ ನೀವು ಹಚ್ಚಲೇ ಇಲ್ವೇನೇ?"

"ಎಲ್ಲಿ ಹಚ್ಚೋದು ಚಿಕ್ಕತ್ತೆ. ಅತ್ತೆ ಬಿಟ್ರೆ ತಾನೇ. ಗೃಹಪ್ರವೇಶದ ಮಾರನೇ ದಿನಾನೇ, ಈ ಒಲೆ ದಿಕ್ಕು ಸರಿ ಇಲ್ಲ, ಯಾರೂ ಹಚ್ಚಕೂಡದು ಅಂದ್ಬಿಟ್ರು. ಹಿತ್ತಲಲ್ಲಿ ಹುಣಸೆಮರದ ಕೆಳಗೆ ಮೂರು ಇಟ್ಟಿಗೆ ಇಟ್ಕೊಂಡು ಅಲ್ಲೇ ಕಾಯ್ಸೋರು."

"ಹನ್ನೊಂದು ವರ್ಷಾನಾ?"

"ಹನ್ನೊಂದು ವರ್ಷ. ಮಳೆ ಬಂದ್ರೆ ತಗಡು ಅಡ್ಡ ಹಿಡ್ಕೊಂಡು. ನಾನು ಹೊರ್ತೀನಿ ಅಂದ್ರೂ ಕೇಳದೆ ತಾವೇ ಕೊಡ ಹೊತ್ತು ಹೊತ್ತು ಸೊಂಟ ಬಿದ್ದೋಯ್ತು. ನಮ್ಮೆಜಮಾನ್ರು, ದಿಕ್ಕು ಸರಿ ಇಲ್ದಿದ್ರೆ ಕಿತ್ತು ತಿರುಗಿಸ್ತೀನಿ ಬಿಡಮ್ಮ ಅಂದ್ರು. ಅದಕ್ಕೂ ಇಲ್ಲ. ಮುಟ್ಬೇಡ, ಅದು ಹಂಗೇ ಇರ್ಲಿ ಅನ್ನೋರು. ಅವರು ಹೋದ್ಮೇಲೆ ಗೀಸರ್ ಹಾಕಿಸಿದ್ವಿ, ಒಲೆ ಯಾರಿಗೆ ಬೇಕಾಗಿತ್ತು."

ಮೊರ ಕೆಳಗಿಟ್ಟಳು. ಏನೋ ನೆನೆಸಿಕೊಂಡು ನಕ್ಕಳು.

"ಇನ್ನೊಂದು ತಮಾಷೆ. ಸ್ನಾನಕ್ಕೆ ಹೋಗ್ವಾಗೆಲ್ಲ ಸೆರಗು ತಗೊಂಡು ಹಿಂಗೆ ಎಡಗಡೆ ಮುಖ ಮುಚ್ಕೊಂಡೇ ಒಳಗೋಗೋರು. ಬೆಂಕಿ ಇಲ್ಲ, ಹೊಗೆ ಇಲ್ಲ, ಏನತ್ತೆ ಇದು ಅಂದ್ರೆ, ಕಿವಿಗೆ ಗಾಳಿ ಹೊಡೀತದೆ ಅನ್ನೋರು. ಕೇಳದ ಕಿವಿಗೆ ಗಾಳಿಯಂತೆ."

"ನಾನು ಕೊಟ್ಟ ಕಲ್ಲಿನ ಬಗ್ಗೆ ಏನಾದ್ರೂ ಅಂದ್ಲಾ? ಯಾವತ್ತಾದ್ರೂ? ಬೈದ್ಲಾ?"

"ಇಲ್ವಲ್ಲ. ಒಂದು ಮಾತೂ ಇಲ್ಲ. ಯಾಕೆ ಚಿಕ್ಕತ್ತೆ?"

"ಏನಿಲ್ಲ. ಸುಮ್ನೆ" ಅಂದೆ.

ವಾಪಸು ಬರುವಾಗ ದಾರಿಯಲ್ಲಿ ಎರಡು ಸಲ ನಿಂತೆ. ಅವಳಿಗೆ ಅರ್ಥವಾಗಿತ್ತು. ನಾನು ಬೆರಳು ಕಣ್ಣಿಗೆ ಇಟ್ಟಾಗಲೇ ಅರ್ಥವಾಗಿತ್ತು. ಗೊತ್ತಿಲ್ಲದೆ ಕೊಟ್ಟವಳಾಗಿದ್ದರೆ ಅವಳು ಏನು ಮಾಡುತ್ತಿದ್ದಳು? ಆ ಗಂಟಲಿಗೆ ಮೂರು ಬೀದಿ ಸೇರುತ್ತಿತ್ತು. ಒಕ್ಕಣ್ಣಿ ನನಗೆ ಕೆಟ್ಟ ಕಲ್ಲು ಕೊಟ್ಟಳು ಎಂದು ಪಂಚಾಯಿತಿ ಕೂರಿಸುತ್ತಿದ್ದಳು. ಆದರೆ ಅದನ್ನು ಹೇಳಿದರೆ, ಅವಳು ನಿನಗೆ ಯಾಕೆ ಕೆಟ್ಟ ಕಲ್ಲು ಕೊಟ್ಟಳು ಎಂದು ಜನ ಕೇಳುತ್ತಾರಲ್ಲ. ಅದಕ್ಕೆ ಅವಳಲ್ಲಿ ಉತ್ತರ ಇತ್ತು. ಉತ್ತರ ಇದ್ದದ್ದಕ್ಕೇ ಬಾಯಿ ಕಟ್ಟಿಕೊಂಡು ಹನ್ನೊಂದು ವರ್ಷ ಮಳೆಯಲ್ಲಿ ನೀರು ಕಾಯಿಸಿದಳು. ಐವತ್ತೊಂದು ವರ್ಷದಿಂದ ನಾನು ಅವಳ ಬಾಯಿಂದ ಕೇಳಬೇಕು ಎಂದಿದ್ದ ಹೌದು, ಆ ಬೆಳ್ಳಗಿನ ಕಲ್ಲಿನ ಮೇಲಿತ್ತು.

ಗೊತ್ತಿದ್ದೇ ಕೊಟ್ಟಿದ್ದಳು.

ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಒಂದೇ ಒಂದು ಕಿಡಿ ಹಾರಲಿಲ್ಲ, ಒಂದು ಚೂರು ಸಿಡಿಯಲಿಲ್ಲ, ಆದರೂ ಹನ್ನೊಂದು ವರ್ಷ ಅವಳು ತನ್ನ ಮನೆಯ ಬಚ್ಚಲಿಗೇ ಹೆದರಿ ಮುಖ ಮುಚ್ಚಿಕೊಂಡು ಹೋದಳು. ನನಗೆ ಒಂದು ಗಳಿಗೆಯಲ್ಲಿ ಹೋದ ಎಡಗಣ್ಣು ಅವಳಿಗೆ ದಿನಾ ಬೆಳಿಗ್ಗೆ ಹೋಗುತ್ತಿತ್ತು. ಆ ಮಧ್ಯಾಹ್ನ ಎರಡು ಮುದ್ದೆ ಉಂಡೆ.

ಸಂಜೆಗೆ ಚೌಕಟ್ಟು ಕೂತಿತು. ಮೇಸ್ತ್ರಿ ಹೋದ ಮೇಲೆ ಅದರ ಎದುರು ಮಣೆ ಹಾಕಿಕೊಂಡು ಕೂತೆ. ಈ ಗೆಲುವನ್ನು ಯಾರಿಗೆ ತೋರಿಸುವುದು? ಮೊಮ್ಮಗಳಿಗೆ ಹೇಳಿದರೆ, ಅಯ್ಯೋ ಪಾಪ ಅಜ್ಜಿ, ಅನ್ನುತ್ತಾಳೆ, ನನಗೋ ಅವಳಿಗೋ ಎಂದು ಗೊತ್ತಾಗುವುದಿಲ್ಲ. ಗಂಡನಿಲ್ಲ, ಭಾವನಿಲ್ಲ. ಆ ಬಾನಿ, ಆ ಮೂರು ಕಲ್ಲು, ಆ ಒರೆಸಿದ್ದು, ಇಷ್ಟೂ ಗೊತ್ತಿದ್ದವಳು ಅವಳೊಬ್ಬಳೇ. ತೆಲೀದು ಎಂದು ಕೂಗುವವರೂ ಈ ಊರಲ್ಲಿ ಈಗ ಯಾರೂ ಇಲ್ಲ… "ಏನೇ, ತೆಲಿಸಿಂದಾ?" ಎಂದು ಒಂದು ಸಲ ಅವಳ ಸತ್ತ ಕಿವಿಯಲ್ಲಿ ಕೂಗಿ ಕೇಳಬೇಕಿತ್ತು. ಈಗ ತಿಳಿಯಿತಾ ಎಂದು. ಹನ್ನೊಂದು ವರ್ಷ ಅವಳ ಹೊಗೆ ಕಾಣುವಷ್ಟು ಹತ್ತಿರದಲ್ಲಿ ಇದ್ದೆ, ಒಂದು ದಿನ ಹಿತ್ತಲಿಗೆ ಹೋಗಿ ಇಣುಕಲಿಲ್ಲ.

ಮಾರನೆಯ ಬೆಳಿಗ್ಗೆ ಮೊಮ್ಮಗಳಿಗಿಂತ ಮುಂಚೆ ಎದ್ದೆ. ಅಡ್ಡಗಲ್ಲನ್ನು ಗೆಣ್ಣಿನಿಂದ ತಟ್ಟಿದೆ. ಟಣ್ ಎಂದಿತು. ಹಂಡೆಗೆ ನೀರು ತುಂಬಿ, ಒಣಗಿದ ತೆಂಗಿನಗರಿ ತುರುಕಿ ಕಡ್ಡಿ ಗೀರಿದೆ. ಐವತ್ತೊಂದು ವರ್ಷದಿಂದ ಯಾವ ಒಲೆಯ ಮುಂದೆ ಕೂತರೂ ಉಳಿದ ಕಣ್ಣನ್ನು ಕಾಯಲು ಎಡಮಗ್ಗುಲು ಕೊಟ್ಟು ಕೂರುವವಳು, ಅವತ್ತು ನೆಟ್ಟಗೆ ಎದುರಿಗೆ ಕೂತೆ. ಹೊಗೆ ಎದ್ದು ಅಡ್ಡಗಲ್ಲಿನ ಕೆಳಗೆ ಮುತ್ತಿತು. ಬೆಳ್ಳಗಿದ್ದದ್ದು ಕಂದಾಯಿತು, ಕಂದಾದದ್ದು ಕಪ್ಪಾಯಿತು. ಮೊಮ್ಮಗಳು ಹಲ್ಲುಜ್ಜುತ್ತ ಬಂದವಳು ನೋಡಿ, "ಅಯ್ಯೋ, ಮೊದಲ್ನೇ ದಿನಾನೇ ಮಸಿ ಆಯ್ತಲ್ಲಜ್ಜಿ, ಬಟ್ಟೆ ತಗೊಂಡು ಒರೆಸ್ಲಾ?" ಅಂದಳು.

"ಒರೆಸ್ಬೇಡ" ಅಂದೆ.

ಅವಳು ಮಿಂದು ಬಸ್ಸಿಗೆ ಹೋದಳು. ಹಂಡೆಯಲ್ಲಿ ಇನ್ನೂ ನೀರಿತ್ತು. ಸತ್ತವರನ್ನು ಬಿಟ್ಟುಕೊಡುವುದಕ್ಕೆ ತಣ್ಣೀರೇ ಆಗಬೇಕು ಅನ್ನುತ್ತಾರೆ. ನಾನು ಬಿಸಿನೀರನ್ನೇ ತೋಡಿಕೊಂಡು, ಅಕ್ಕಾ ಎಂದು ಒಂದು ಸಲ ಗಟ್ಟಿಯಾಗಿ ಕರೆದು, ಉಟ್ಟ ಸೀರೆಯಲ್ಲೇ ತಲೆಗೆ ಹಾಕಿಕೊಂಡೆ.